ಛತ್ರಿ ಕಾಕಾ ಹೋದ ಮೇಲೆ ನನ್ನ ಪಾಡು

ಟೀವಿಯ ಒಳಗೆ ಏನೇ ಆಗಲಿ, ಬೈಸಿಕೊಳ್ಳುವವನು ಮಾತ್ರ ಹೊರಗೆ ಸ್ಕ್ರೂಡ್ರೈವರ್ ಹಿಡಿದು ನಿಂತ ನಾನೇ. ಮ್ಯಾಚ್ ಸೋತರೆ ನನಗೆ ಫೋನು. ಸುದ್ದಿಯವರು ಹೇಳಿದ ಮಳೆ ಬರದಿದ್ದರೂ ನನಗೇ ಫೋನು. ಹಾನಗಲ್ಲಿನಲ್ಲಿ ಡಿಶ್ ಕೂರಿಸುವ, ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಅಂಗಡಿ ಅಂತ ಹೆಸರಿಗೆ. ನಾನಿರುವುದು ಬೈಕಿನ ಮೇಲೆ. ಬೆಳಿಗ್ಗೆ ಶಿಗ್ಗಾಂವಿ ಇದ್ದರೆ ಮಧ್ಯಾಹ್ನ ಸವಣೂರು, ಮರುದಿನ ಹಿರೇಕೆರೂರು. ಇಷ್ಟು ವರ್ಷ ಬೈಸಿಕೊಂಡಿದ್ದೆಲ್ಲ ಒಂದು ತೂಕವಾದರೆ, ಛತ್ರಿ ಕಾಕಾ ಹೋದ ಮೇಲೆ ಬೈಸಿಕೊಂಡಿದ್ದೇ ಇನ್ನೊಂದು ತೂಕ.

ಛತ್ರಿ ಕಾಕಾ ಅಂದರೆ ಸಂಜೆ ಏಳೂವರೆಗೆ ಬರುವ ಹಾಸ್ಯ ಧಾರಾವಾಹಿಯ ಮುದುಕ. ಮನೆಯೊಳಗೂ ಛತ್ರಿ ಬಿಡದ ಮನುಷ್ಯ. ಹೆಂಡತಿ ಬೈಯಲು ಬಾಯಿ ತೆರೆದ ಕೂಡಲೇ ಇವನು ಛತ್ರಿ ಬಿಚ್ಚಿ ಕೆಳಗೆ ಕೂತುಬಿಡುತ್ತಿದ್ದ. ಬೈದು ಮುಗಿದ ಮೇಲೆ ಕೈ ಹೊರಗೆ ಚಾಚಿ, "ನಿಂತಿತೇನು?" ಅಂತ ಕೇಳುತ್ತಿದ್ದ. ಅಷ್ಟಕ್ಕೇ ನಮ್ಮ ಕಡೆ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ಸಂಜೆ ಕಾಕಾ ಹೆಂಡತಿಗೆ, "ಸುಣ್ಣ ತೀರೈತಿ, ತಂದುಬಿಡ್ತೀನಿ" ಅಂತ ಹೇಳಿ ಬಾಗಿಲು ದಾಟಿದ. ಬರಲೇ ಇಲ್ಲ. ಪಾತ್ರ ಮಾಡುತ್ತಿದ್ದ ನಟ ಧಾರಾವಾಹಿ ಬಿಟ್ಟಿದ್ದ. ಅದನ್ನು ಮಾಡುವವರು ಕಾಕಾ ಸತ್ತ ಅಂತಲೂ ಹೇಳಲಿಲ್ಲ, ಕಾಶಿಗೆ ಹೋದ ಅಂತಲೂ ಹೇಳಲಿಲ್ಲ. ಹೆಂಡತಿಯ ಪಾತ್ರದಾಕೆ ದಿನಕ್ಕೊಮ್ಮೆ ಬಾಗಿಲ ಕಡೆ ನೋಡಿ ನಿಟ್ಟುಸಿರು ಬಿಡುವುದು, ಅಷ್ಟೇ. ಸತ್ತಿದ್ದರೆ ಜನ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದರು. ಇದು ಕೂತಲ್ಲಿ ಕೂಡಗೊಡದ ಸಂಕಟ. ಆಕೆ ಅಲ್ಲಿ ಬಾಗಿಲು ನೋಡಿದರೆ ಇಲ್ಲಿ ನಮ್ಮವ್ವನೂ ಎದ್ದು ಹೋಗಿ ನಮ್ಮ ಮನೆಯ ಬಾಗಿಲು ತೆರೆದು ನೋಡಿ ಬರುತ್ತಿದ್ದಳು. ಮರುದಿನದಿಂದ ನನ್ನ ಫೋನಿಗೂ ನೆಮ್ಮದಿ ಇಲ್ಲವಾಯಿತು.

ಕಾಕಾ ಬರುವ ಪ್ಯಾಕೇಜ್

ಮೊದಲ ಫೋನು ಸವಣೂರಿನದು. ವೀಳ್ಯದೆಲೆ ವ್ಯಾಪಾರದ ಚಾಚಾ ಒಬ್ಬರು. ಬೆಳಿಗ್ಗೆಯಿಂದ ಎಲೆಯ ಪೆಂಡಿ ಕಟ್ಟಿ, ಸಂಜೆ ಏಳೂವರೆಗೆ ಅಂಗಡಿಯ ಅರ್ಧ ಬಾಗಿಲು ಎಳೆದು ಟೀವಿ ಮುಂದೆ ಕೂರುವವರು.

"ಅರೆ ಭಾಯ್, ನಮ್ಮ ಬಾಕ್ಸಿನ್ಯಾಗ ಕಾಕಾ ಬರಾಕತ್ತಿಲ್ಲ. ಜಲ್ದಿ ಬಾ."

"ಚಾಚಾ, ಯಾರ ಬಾಕ್ಸಿನ್ಯಾಗೂ ಬರಾಕತ್ತಿಲ್ರಿ. ಅಂವ ಬಿಟ್ಟು ಹೋಗ್ಯಾನ."

"ಸುಳ್ಳ ಹೇಳಬ್ಯಾಡ. ಅವನ ಹೇಂತಿ ಬರ್ತಾಳ, ಮಗ ಬರ್ತಾನ, ಮನಿ ಬೆಕ್ಕು ಸೈತ ಬರ್ತೈತಿ. ಅಂವ ಒಬ್ಬನ ಯಾಕ ಬರಂಗಿಲ್ಲ? ಸಿಗ್ನಲ್ ಕಮ್ಮಿ ಆಗೈತಿ."

ಹೋಗದೆ ಗತಿಯಿರಲಿಲ್ಲ. ಹೋದವನಿಗೆ ಏಣಿ ಸಿದ್ಧವಾಗಿತ್ತು. ಮಾಳಿಗೆ ಹತ್ತಿ ಡಿಶ್ ಒಂದಿಷ್ಟು ಆ ಕಡೆ ಈ ಕಡೆ ತಿರುವಿದಂತೆ ಮಾಡಿದೆ. ಕೆಳಗಿನಿಂದ ಚಾಚಾ ಕೂಗುತ್ತಿದ್ದರು: "ಇನ್ನಾ ಸ್ವಲ್ಪ ಎಡಕ್ಕ! ಬಾಗಲಾ ಕಾಣಾಕತ್ತೈತಿ, ಅಂವ ಕಾಣವಲ್ಲ!"

ಕಡೆಗೆ ಕೆಳಗಿಳಿದು, ಎದೆ ಮುಟ್ಟಿಕೊಂಡು ಹೇಳಿದೆ, "ಚಾಚಾ, ನಿಮ್ಮಾಣಿ, ಅಂವ ಖರೇನ ಹೋಗ್ಯಾನ್ರಿ."

ಅವರು ಕೈಯಲ್ಲಿದ್ದ ಎಲೆಯನ್ನು ಒರೆಸುತ್ತಲೇ ಇದ್ದರು. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ದೊಡ್ಡ ಮಂದಿ ಮನ್ಯಾಗಿನ ಪ್ಯಾಕೇಜಿನ್ಯಾಗ ಬರ್ತಾನೇನು?"

ಅತ್ತೆ ಮತ್ತು ಸೊಸೆ

ಹಾನಗಲ್ಲಿನಲ್ಲೇ ಒಂದು ಮನೆ. ಅಲ್ಲಿ ಅತ್ತೆಗೂ ಸೊಸೆಗೂ ಮಾತು ಬಿಟ್ಟುಹೋಗಿ ಬಹಳ ದಿನವಾಗಿತ್ತು. ಕಾರಣ ಇಬ್ಬರಿಗೂ ಮರೆತಿತ್ತು, ಸಿಟ್ಟು ಮಾತ್ರ ನೆನಪಿತ್ತು. ಅತ್ತೆಗೆ ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಸೊಸೆ ಗೋಡೆಯಿಂದ ಕೇಳಿಸಿಕೊಂಡಂತೆ ತಂದಿಡುತ್ತಿದ್ದಳು. ಆದರೆ ಏಳೂವರೆಯಿಂದ ಎಂಟರವರೆಗೆ ಮಾತ್ರ ಇಬ್ಬರೂ ಒಂದೇ ಚಾಪೆ ಮೇಲೆ ಕೂತು ಛತ್ರಿ ಕಾಕಾನನ್ನು ನೋಡಿ ನಗುತ್ತಿದ್ದರು. ಆ ಮನೆಯ ಗಂಡಸು ನನ್ನ ಗೆಳೆಯ. "ದಿನದಾಗ ಆ ಅರ್ಧ ತಾಸ ಮನಿ ಮನಿಯಂಗ ಅನ್ನಿಸ್ತಿತ್ತಪಾ" ಅನ್ನುತ್ತಿದ್ದ.

ಕಾಕಾ ಹೋದ ಮೇಲೆ ಆ ಅರ್ಧ ತಾಸೂ ಹೋಯಿತು. ಅತ್ತೆ ಒಳಗಿನಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ. ಸೊಸೆ ಅಂಗಳದಿಂದ ಹಿತ್ತಲಿಗೆ. ಗೆಳೆಯ ಇಬ್ಬರ ನಡುವೆ ಸಿಕ್ಕು ಹೋಟೆಲಿಗೆ.

ಒಂದು ದಿನ ನನಗೆ ಎರಡು ಫೋನು ಬಂದವು. ಮೊದಲು ಅತ್ತೆ: "ಟೀವಿ ನೋಡಿ ಹೋಗು. ಮನ್ಯಾಗ ಒಬ್ಬರು ಗುಂಡಿ ಒತ್ತಿ ಒತ್ತಿ ಕೆಡಿಸ್ಯಾರ." ಹಿಂದೆಯೇ ಸೊಸೆ: "ಅಣ್ಣಾರ, ಟೀವಿ ನೋಡ್ರಿ. ಮನ್ಯಾಗ ಒಬ್ಬರು ರಿಮೋಟ್ ನೆಲಕ್ಕ ಕುಕ್ಕಿ ಕೆಡಿಸ್ಯಾರ."

ಹೋದೆ. ಟೀವಿ ಗಟ್ಟಿಮುಟ್ಟಾಗಿತ್ತು. ಹಾಗಂತ ಹೇಳಿದ್ದೇ ತಪ್ಪಾಯಿತು.

"ನೆಟ್ಟಗಿದ್ರ ಕಾಕಾ ಎಲ್ಲಿ ಹ್ವಾದ?" ಅಂದಳು ಅತ್ತೆ.

"ಹೌದ್ ಮತ್ತ, ಎಲ್ಲಿ ಹ್ವಾದ?" ಅಂದಳು ಸೊಸೆ.

"ನನಗೇನ್ ಗೊತ್ರಿ? ನಾ ಡಿಶ್ ಕುಂದ್ರಸಾಂವ."

"ರೊಕ್ಕಾ ಇಸ್ಕೊಳ್ಳಾಗ ಎಲ್ಲಾ ಗೊತ್ತಿರ್ತೈತಿ!" ಅತ್ತೆ.

"ನಗಸಾಕಂತ ಕಾಕಾನ ಬಾಜೂ ಮನ್ಯಾಗ ಹೊಸಾ ಮುದುಕನ್ನ ತಂದು ಕುಂದ್ರಿಸ್ಯಾರ. ಆ ಕಸಬರಗಿ ಕಡ್ಡಿಯಂಥಾ ಮಾರಿಯಂವನ್ನ ಯಾರ ನೋಡ್ಬೇಕು?" ಸೊಸೆ.

"ನಗಸಾಕ ಬಂದಾನೋ ಅಳಸಾಕ ಬಂದಾನೋ ತಿಳಿಯವಲ್ದು" ಅತ್ತೆ.

ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು. ನಾನು ಬಾಗಿಲ ಕಡೆ ಸರಿಯುತ್ತಾ, ದಾಕ್ಷಿಣ್ಯಕ್ಕೆ ಅಂದೆ, "ಚಾ ಏನ್ ಬ್ಯಾಡ್ರಿ, ನಾ ಬರ್ತೇನಿ."

ಆಗ ಸೊಸೆ ಗೋಡೆಗಲ್ಲ, ಅತ್ತೆಯ ಮುಖಕ್ಕೇ ಮುಖ ಕೊಟ್ಟು, ಅಷ್ಟು ದಿನದ ಮೇಲೆ ಮೊದಲ ಮಾತು ಆಡಿದಳು:

"ಅತ್ತಿ, ಇಂವಗ ನೀರೂ ಕೊಡಬ್ಯಾಡ್ರಿ."

ಅತ್ತೆ ಅಂದಳು, "ನಾ ಎಲ್ಲಿ ಕೊಡಾಕತ್ತಿದ್ನೆವಾ!"

ಗೆಳೆಯ ಇವತ್ತಿಗೂ ನನಗೆ ಹೋಟೆಲಿನಲ್ಲಿ ತಾನೇ ಚಹಾ ಕುಡಿಸುತ್ತಾನೆ. ಮನೆಗೆ ಮಾತ್ರ ಕರೆಯುವುದಿಲ್ಲ.

ಕಾಣೆಯಾಗಿದ್ದಾರೆ

ಶಿಗ್ಗಾಂವಿಯ ಗೆಳೆಯರ ಗುಂಪೊಂದು ತಮಾಷೆಗೆಂದು ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡ ಫ್ಲೆಕ್ಸ್ ಹಾಕಿಸಿತು. ಕಾಕಾನ ಫೋಟೋ, ಮೇಲೆ ಕೆಂಪಕ್ಷರದಲ್ಲಿ 'ಕಾಣೆಯಾಗಿದ್ದಾರೆ', ಕೆಳಗೆ 'ಸುಳಿವು ಸಿಕ್ಕವರು ಸಂಪರ್ಕಿಸಿ' ಅಂತ ಒಂದು ಫೋನ್ ನಂಬರು. ಟೀವಿಯ ವಿಷಯ ಟೀವಿಯವನಿಗೇ ಹೋಗಲಿ ಅಂತ ಹಾಕಿದ್ದು ನನ್ನ ನಂಬರು. ನನಗೆ ಒಂದು ಮಾತು ಕೇಳಿರಲಿಲ್ಲ.

ಅವತ್ತಿನಿಂದ ನಾನು ಬೈಕು ನಿಲ್ಲಿಸುವುದು, ಫೋನು ಎತ್ತುವುದು, ಮತ್ತೆ ಹೊರಡುವುದು. ಒಬ್ಬರಿಗೆ ಕಾಕಾ ಬಂಕಾಪುರದ ಸಂತೆಯಲ್ಲಿ ಕಂಡಿದ್ದ. ಇನ್ನೊಬ್ಬರಿಗೆ ಕನಸಿನಲ್ಲಿ ಕಂಡಿದ್ದ. ಅವರು ವಿಳಾಸವನ್ನೂ ಕೊಟ್ಟರು. ಒಂದು ಮಧ್ಯಾಹ್ನ ಯಲವಿಗಿಯಿಂದ ಗಟ್ಟಿ ದನಿಯ ಮನುಷ್ಯರೊಬ್ಬರು ಮಾತಾಡಿದರು.

"ನಿಮ್ಮ ಕಾಕಾ ಸಿಕ್ಕಾನ್ರಿ. ಸ್ಟೇಷನ್ನಿನ್ಯಾಗ ರೈಲು ಹತ್ತಾಕ ನಿಂತಿದ್ದ. ಕೈ ಹಿಡದು ನಮ್ಮನಿಗೆ ಕರ್ಕೊಂಡು ಬಂದು ಕುಂದ್ರಿಸೇವಿ. ನೀವು ಬರೂತನಕ ಬಿಡಂಗಿಲ್ಲ."

ಯಾರೋ ಪಾಪದವರನ್ನು ಹಿಡಿದಿಟ್ಟಿದ್ದಾರೆ, ನಾಳೆ ಪೊಲೀಸ್ ಸ್ಟೇಷನ್ ಹತ್ತಬೇಕಾಗುತ್ತದೆ ಅಂದುಕೊಂಡು ಬೈಕು ಓಡಿಸಿದೆ.

ಹೋಗಿ ನೋಡಿದರೆ ಪಡಸಾಲೆಯ ತುಂಬ ಜನ. ನಡುವೆ ಮಣೆಯ ಮೇಲೆ ಒಬ್ಬ ಮುದುಕರು, ಪಕ್ಕದಲ್ಲಿ ಛತ್ರಿ. ಮೂಗು, ಮೀಸೆ ಎಲ್ಲ ಕಾಕಾನ ಹಾಗೇ. ಆದರೆ ಕಾಕಾ ಅಲ್ಲ. ಹುಬ್ಬಳ್ಳಿಗೆ ಕೊಟ್ಟ ಮಗಳ ಮನೆಗೆ ಹೊರಟಿದ್ದ ಯಾರೋ ದೊಡ್ಡವರು. ಮುಂದೆ ಬಾಳೆ ಎಲೆ, ಎಲೆಯ ಮೇಲೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ನಾಲ್ಕು ಮಂದಿ ಹೆಣ್ಣುಮಕ್ಕಳು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದರು.

ನಾನು ಗಾಬರಿಯಲ್ಲಿ ಅವರ ಹತ್ತಿರ ಬಗ್ಗಿ ಹೇಳಿದೆ, "ಅಜ್ಜಾರ, ತಪ್ಪಾಗೈತಿ, ಹೊಟ್ಟ್ಯಾಗ ಹಾಕ್ಕೋರಿ. ನೀವು ಅಂವ ಅಲ್ಲಂತ ಈಗ ಎಲ್ಲಾರಿಗೂ ಹೇಳಿಬಿಡ್ತೇನಿ."

ಅವರು ತುಪ್ಪದ ಕೈಯಲ್ಲೇ ನನ್ನ ಮೊಣಕೈ ಹಿಡಿದು ಜಗ್ಗಿದರು.

"ಹೇಳೋದು ಹೇಳ್ರಿ. ಆದ್ರ ಅವಸರ ಮಾಡಬ್ಯಾಡ್ರಿ. ಇನ್ನ ಅನ್ನಾ ಕಟ್ಟಿನಸಾರು ಬರೋದೈತಿ."

ಮಾಸೂರಿನ ಗದ್ದೆಯಲ್ಲಿ

ಮಾಸೂರಿನಲ್ಲಿ ಕೆರೆಯ ನೀರಿನ ಗದ್ದೆ ಇರುವ ಗೌಡರೊಬ್ಬರು ನನ್ನ ಹಳೆಯ ಗಿರಾಕಿ. ಅವರ ಗದ್ದೆಯಲ್ಲಿ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಎರಡು ಪಾರ್ಟಿಯಾಗಿದ್ದರು. ಕಾಕಾ ಸತ್ತಿದ್ದಾನೆ ಅನ್ನುವವರು ಒಂದು, ಬದುಕಿದ್ದಾನೆ ಅನ್ನುವವರು ಒಂದು. ಒಂದು ಪಾರ್ಟಿಯವರು ಇನ್ನೊಂದು ಪಾರ್ಟಿಯವರ ಸಾಲಿಗೆ ಇಳಿಯುತ್ತಿರಲಿಲ್ಲ. ಕಳೆ ನಿಂತಲ್ಲೇ ನಿಂತು ಬೆಳೆಯುತ್ತಿತ್ತು.

ನಾನು ಡಿಶ್ ರಿಪೇರಿಗೆಂದು ಅವರ ಮನೆಗೆ ಹೋದದ್ದೇ ತಡ, ಗೌಡರು ನನ್ನನ್ನು ಬದುವಿನ ಮೇಲೆ ತಂದು ನಿಲ್ಲಿಸಿದರು. "ಇಂವ ಟೀವಿಯಾಂವ. ಇಂವಗ ಎಲ್ಲಾ ಗೊತ್ತೈತಿ. ಕೇಳ್ರಿ, ಕೇಳಿ ಕೆಲಸಕ್ಕ ಇಳೀರಿ."

ನನಗೂ ಒಂದಿಷ್ಟು ಉಬ್ಬು ಬಂತು. ಗಂಟಲು ಸರಿಮಾಡಿಕೊಂಡು ಹೇಳಿದೆ, "ಅಂವ ಸತ್ತಿಲ್ಲವಾ, ಆರಾಮ ಅದಾನ. ಪಗಾರ ಹೆಚ್ಚ ಮಾಡ್ರಿ ಅಂದನಂತ. ಮಾಲೀಕರು ಮಾಡ್ಲಿಲ್ಲಂತ. ಅದಕ್ಕ ಕೆಲಸಾ ಬಿಟ್ಟಾನಂತ. ಮಂದಿ ಹಂಗ ಅಂತಾರ."

ಎರಡು ಪಾರ್ಟಿಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಗೌಡರ ಮುಖ ನೋಡಿದರು. ಹಿರಿಯಳೊಬ್ಬಳು ಸೆರಗಿಗೆ ಕೈ ಒರೆಸಿಕೊಂಡು ಬದುವಿನ ಮೇಲೆ ಬಂದು ಕೂತಳು. ಅವಳ ಹಿಂದೆ ಒಬ್ಬೊಬ್ಬರೇ ಉಳಿದವರೂ ಬಂದು ಕೂತರು. ಈಗ ಪಾರ್ಟಿ ಒಂದೇ ಆಗಿತ್ತು.

ಕೂಲಿ ಹೆಚ್ಚಾಯಿತು, ಕಳೆಯೂ ಹೋಯಿತು. ಸಂಜೆ ಗೌಡರು ಫೋನು ಮಾಡಿದರು.

"ನಮ್ಮ ಡಿಶ್ ಕೆಟ್ರ ಕೆಟ್ಟಿರ್ಲಪಾ. ನೀ ಮಾತ್ರ ಈ ಕಡೆ ಹಾಯಬ್ಯಾಡ."

ಟೀವಿಯೊಳಗಿನಾಕೆ

ಇಷ್ಟೆಲ್ಲ ಆದ ಮೇಲೆ ಸವಣೂರಿನಲ್ಲಿ ಹೊಸ ಸೀರೆ ಅಂಗಡಿ ಶುರುವಾಯಿತು. ರಿಬ್ಬನ್ ಕತ್ತರಿಸಲು ಅಂಗಡಿಯವರು ಕರೆಸಿದ್ದು ಅದೇ ನಟನನ್ನು! ಮೈಕು ಮತ್ತು ಹೊರಗಿನ ದೊಡ್ಡ ಟೀವಿಯ ಕೆಲಸ ನನ್ನದು. ರಸ್ತೆ ತುಂಬ ಜನ. ಕಾರಿನಿಂದ ಮನುಷ್ಯ ಇಳಿದ. ಛತ್ರಿ ಇಲ್ಲ, ಕೂದಲಿಗೆ ಕಪ್ಪು ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ. ಹಿಂದೆ ಅವನ ಹೆಂಡತಿ, ಖರೇ ಹೆಂಡತಿ, ಸಾದಾ ಸೀರೆಯುಟ್ಟ ಶಾಂತ ಮುಖದಾಕೆ.

ರಿಬ್ಬನ್ ಕತ್ತರಿಸಿ ಆತ ಮೈಕು ಹಿಡಿದ ಹೊತ್ತಿಗೆ ಜನರನ್ನು ಸರಿಸಿಕೊಂಡು ಹತ್ತಿಮತ್ತೂರಿನ ಮುದುಕಿಯೊಬ್ಬಳು ಮುಂದೆ ಬಂದಳು. ನಾನೇ ಡಿಶ್ ಕೂರಿಸಿದ ಮನೆಯ ಅಜ್ಜಿ. ಟೀವಿಯಲ್ಲಿ ವಾರ್ತೆ ಓದುವವರು ನಮಸ್ಕಾರ ಅಂದರೆ ತಿರುಗಿ ಕೈ ಮುಗಿಯುವಾಕೆ.

"ಯಪ್ಪಾ, ಎಲ್ಲಿ ಹೋಗಿದ್ದಿ?" ಅಂದಳು. ಮೈಕು ಹತ್ತಿರವೇ ಇತ್ತು. ಮಾತು ಇಡೀ ರಸ್ತೆಗೆ ಕೇಳಿಸಿತು. "ನಿನ್ನ ಹೇಂತಿ ದಿನಾ ಬಾಗಲಾ ನೋಡಿ ನೋಡಿ ಸೊರಗಿ ಹೋಗ್ಯಾಳ. ಮನಿಗೆ ನಡಿ."

ನಟ ನಕ್ಕು ಕೈ ಮುಗಿದ. "ಅವ್ವಾ, ಅದು ಬರೇ ನಾಟಕ. ಆಕೆ ನನ್ನ ಹೆಂಡತಿ ಅಲ್ಲ."

ಅಜ್ಜಿ ಜನರ ಕಡೆ ತಿರುಗಿದಳು. "ಕೇಳಿದ್ರೇನು? ಈಗ ಹೇಂತಿನ ಅಲ್ಲಂತಾನ!"

ಜನ ಗೊಳ್ಳೆಂದರು. ನಟ ಹಿಂದಿದ್ದ ಹೆಂಡತಿಯ ಕೈ ಹಿಡಿದು ಮುಂದೆ ತಂದು, "ನೋಡಿ ಅವ್ವಾ, ನನ್ನ ಹೆಂಡತಿ ಇವಳು" ಅಂದ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಲ್ಲ.

ಅಜ್ಜಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಾಗುತ್ತಾಳೆ ಅಂದುಕೊಂಡೆವು. ಇಲ್ಲ, ಕರಗಿಬಿಟ್ಟಳು. ಆಕೆಯ ಗಲ್ಲ ಸವರಿ, "ತಂಗೀ, ನಿಂದೇನೂ ತಪ್ಪಿಲ್ಲ ಬಿಡು. ಆದ್ರ ಹುಷಾರ್ ಇರು. ಒಂದು ಮನಿ ಬಿಟ್ಟ ಬಂದಾಂವ, ನಿನ್ನ ಮನ್ಯಾಗರ ಎಷ್ಟ ದಿನಾ ಇರ್ತಾನ?" ಅಂದಳು.

ಆ ಹೆಣ್ಣುಮಗಳು ಬಹಳ ಹೊತ್ತಿನಿಂದ ತಡೆದಿದ್ದ ನಗೆಯನ್ನು ನುಂಗಿ, ಮುಖ ಸಪ್ಪಗೆ ಮಾಡಿಕೊಂಡು ಹೇಳಿದಳು, "ಹೌದವ್ವಾ. ಊರೂರಿನ ಸೀರೆ ಅಂಗಡಿಗೆ ಕರೆದುಕೊಂಡು ಹೋಗ್ತಾರೆ. ಒಂದು ದಿನ ಒಂದು ಸೀರೆ ಕೊಡಿಸಿದವರಲ್ಲ."

"ಏ ಅಂಗಡಿಯಪ್ಪಾ!" ಅಜ್ಜಿ ಒಳಗೆ ನುಗ್ಗಿದಳು. "ಈ ಹುಡುಗಿಗೆ ಒಂದು ಚಲೋ ಇಳಕಲ್ ಸೀರಿ ತೆಗಿ. ಕೊಡಾಂವ ಇಲ್ಲೇ ನಿಂತಾನ."

ಮೈಕಿನ ಮುಂದೆ, ಅಷ್ಟು ಜನರ ಎದುರು ನಟ ಏನು ಮಾಡಿಯಾನು? ಕಿಸೆಗೆ ಕೈ ಹಾಕಿದ. ಅಜ್ಜಿ ಅವನ ಕೈಯನ್ನೇ ನೋಡುತ್ತ ಅಂದಳು, "ಎರಡ ತೆಗಿ. ಆಕಿಗೂ ಒಂದು ಬೇಕಲ್ಲ."

ಎರಡು ಸೀರೆ ಬಂದವು. ಒಂದನ್ನು ಅಜ್ಜಿ ನಟನ ಹೆಂಡತಿಯ ಉಡಿಗೆ ಹಾಕಿದಳು. ಇನ್ನೊಂದನ್ನು ಹಿಡಿದುಕೊಂಡು ಸುತ್ತಲೂ ನೋಡಿದಳು, ವೈರು ಸುತ್ತುತ್ತ ಕೂತಿದ್ದ ನನ್ನ ಮೇಲೆ ಕಣ್ಣು ಬಿತ್ತು. ಬಂದು ಸೀರೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ತಮ್ಮಾ, ನೀ ಹ್ಯಾಂಗೂ ದಿನಾ ಟೀವಿ ಬಿಚ್ಚಾಂವ ಅದಿ. ನಾಳೆ ಬಿಚ್ಚಿದಾಗ ಒಳಗ ಕೈ ಹಾಕಿ ಆಕಿಗೆ ಕೊಟ್ಟ ಬಿಡು."