ಬೆಳಗಾದರೆ ಸಾಯುವ ಬ್ಯಾಟರಿ

ಕೆಲವರಿಗೆ ಸಿಗರೇಟು ಬೇಕು, ಕೆಲವರಿಗೆ ಇಸ್ಪೀಟು ಬೇಕು, ನನಗೆ ಚಿಂತೆ ಬೇಕು. ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಯಾವುದಾದರೊಂದು ಚಿಂತೆ ಕೈಗೆ ಸಿಗದಿದ್ದರೆ, ಇವತ್ತೇಕೆ ಒಂದೂ ಇಲ್ಲ, ಏನೋ ದೊಡ್ಡದೇ ಕಾದಿರಬೇಕು ಎಂದು ಅದನ್ನೇ ಹಚ್ಚಿಕೊಳ್ಳುತ್ತೇನೆ. ಬೀಗ ಹಾಕಿ ಬೀದಿಯ ಕೊನೆಯ ತನಕ ಹೋಗಿ, ಜಗ್ಗಿ ನೋಡಲು ಹಿಂದಿರುಗುವ ಜಾತಿಯವನು ನಾನು. ಇಂಥವನು ಮೋಟಾರುಬೈಕು ಇಟ್ಟುಕೊಳ್ಳಬಾರದು. ಇಟ್ಟುಕೊಂಡರೂ ಅದರ ಹೊಟ್ಟೆಯೊಳಗೆ ಬ್ಯಾಟರಿ ಎನ್ನುವುದೊಂದು ಇದೆ ಎಂದು ತಿಳಿದುಕೊಳ್ಳಬಾರದು.

ನನ್ನ ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಆಫೀಸು ಗುಬ್ಬಿಯಲ್ಲಿ. ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡು ದಿನಾ ಹೋಗಿ ಬರುತ್ತಿದ್ದೆ. ಮನೆಮನೆಗೆ ಯುಪಿಎಸ್ ಇನ್ನೂ ಬಂದಿಲ್ಲದ ಕಾಲ ಇದು. ಬೈಕನ್ನು ಬೀದಿಯಲ್ಲಿ ನಿಲ್ಲಿಸಿದರೆ ಪೆಟ್ರೋಲು ಕದಿಯುತ್ತಾರೆ, ಜಗಲಿಯ ಮೇಲೆ ನಿಲ್ಲಿಸಿದರೆ ಬೈಕನ್ನೇ ಕದಿಯುತ್ತಾರೆ ಎಂದು ಹೊಸಿಲಿಗೆ ಹಲಗೆ ಇಟ್ಟು ಅದನ್ನು ನಡುಮನೆಗೇ ಹತ್ತಿಸುತ್ತಿದ್ದೆ. ಒಂದು ಕಡೆ ದಿವಾನ, ಇನ್ನೊಂದು ಕಡೆ ಮದುವೆಯ ಹೊಸತರಲ್ಲಿ ಕೊಂಡ ಪುಟ್ಟ ಕಪ್ಪು ಬಿಳುಪು ಟೀವಿ, ನಡುವೆ ಬೈಕು. ಬಂದ ನೆಂಟರು ಕಾಫಿ ಲೋಟವನ್ನು ಸೀಟಿನ ಮೇಲೆ ಇಟ್ಟು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಈ ಬೈಕಿಗೆ ಒಂದು ದಿನ ಬೆಳಿಗ್ಗೆ ಬ್ಯಾಟರಿ ಹೋಯಿತು. ನನ್ನ ಗಾಡಿಯ ಸ್ವಭಾವ ಏನೆಂದರೆ, ಬ್ಯಾಟರಿಯಲ್ಲಿ ಚೂರಾದರೂ ಜೀವವಿಲ್ಲದಿದ್ದರೆ ಎಷ್ಟು ಕಿಕ್ ಹೊಡೆದರೂ ಕೆಮ್ಮುವುದಿಲ್ಲ, ನಾಲ್ಕು ಜನ ಸೇರಿ ಓಡಿಸಿ ತಳ್ಳಿದರಷ್ಟೇ ಏಳುವುದು. ಒಬ್ಬನೇ ಬೀದಿ ಉದ್ದಕ್ಕೂ ತಳ್ಳಿಕೊಂಡು ಅನ್ವರ್ ಭಾಯಿಯ ಅಂಗಡಿಗೆ ಒಯ್ದೆ. ಅನ್ವರ್ ಭಾಯಿ ನಮ್ಮ ಮೂಲೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟವರು, ಆತ್ಮವಿಶ್ವಾಸದ ಮನುಷ್ಯ. ಮುಚ್ಚಳ ತೆಗೆದು ನೋಡಿ, “ನೀರೇ ಇಲ್ಲ ಸಾರ್, ಪಾಪ, ಬಾಯಾರ್ಕೊಂಡದೆ” ಎಂದು ಡಿಸ್ಟಿಲ್ಡ್ ವಾಟರ್ ಹುಯ್ದು ಚಾರ್ಜಿಗೆ ಹಾಕಿದರು. ಎರಡು ದಿನ ಚೆನ್ನಾಗಿತ್ತು. ಮತ್ತೆ ಹೋಯಿತು. “ಟರ್ಮಿನಲ್ ಹಿಡ್ದದೆ ಸಾರ್” ಎಂದು ಅಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು ಗ್ರೀಸ್ ಸವರಿದರು. ಮತ್ತೆ ಹೋಯಿತು. ಚಾರ್ಜ್ ಆಗುವ ವೈರಿಂಗನ್ನೆಲ್ಲ ಬಿಚ್ಚಿ, ಬಲ್ಬು ಹಚ್ಚಿ ನೋಡಿ, ಏನೋ ಒಂದನ್ನು ಬದಲಾಯಿಸಿ, “ಇನ್ ಮೇಲೆ ನಿಮ್ ಮೊಮ್ಮಕ್ಳ ಕಾಲಕ್ಕೂ ಏನಾಗಲ್ಲ” ಎಂದರು. ಮಾರನೆಯ ಬೆಳಿಗ್ಗೆಯೇ ಹೋಯಿತು.

ಕೊನೆಗೆ ಹೊಸ ಬ್ಯಾಟರಿಯನ್ನೇ ಹಾಕಿಸಿದೆ. ಅದೂ ವಾರದೊಳಗೆ ಹಳೆಯದರ ದಾರಿ ಹಿಡಿದಾಗ ಅನ್ವರ್ ಭಾಯಿಯ ಆತ್ಮವಿಶ್ವಾಸವೂ ಡೌನ್ ಆಯಿತು. “ಸಾರ್, ಬೇಜಾರ್ ಮಾಡ್ಕೋಬೇಡಿ. ದರ್ಗಾದಾಗೆ ಒಂದು ನಿಂಬೆಹಣ್ಣು ಮಂತ್ರಿಸ್ಕೊಂಡು ಬರ್ಲಾ?” ಎಂದು ಕೇಳಿದರು. ನಾನು ಅಷ್ಟರಲ್ಲಿ ಮಠದಿಂದ ವಿಭೂತಿ ತಂದು ಪೆಟ್ರೋಲ್ ಟ್ಯಾಂಕಿಗೆ ಬಳಿದಾಗಿತ್ತು. ಎರಡೂ ಇರಲಿ ಎಂದೆ.

ತಮಾಷೆಯ ಮಾತು ಹಾಗಿರಲಿ, ನನ್ನ ಕುತ್ತಿಗೆಗೆ ಬಂದಿತ್ತು. ದಿನ ಬಿಟ್ಟು ದಿನ ಆಫೀಸಿಗೆ ತಡ. ನಮ್ಮ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, “ಏನ್ರೀ ರುದ್ರೇಶ್, ನಿಮ್ ಬ್ಯಾಟ್ರಿ ಕತೆ ಕೇಳೋಕೇ ಸರ್ಕಾರ ನಂಗೆ ಸಂಬಳ ಕೊಡ್ತಾ ಇದ್ಯಾ? ಇನ್ನೊಂದ್ ಸಲ ಲೇಟಾದ್ರೆ ಕೊತ್ತಗೆರೆಗೆ ಡೆಪ್ಯುಟೇಶನ್ ಮೇಲೆ ಕಳಿಸ್ತೀನಿ ನೋಡಿ” ಎಂದರು. ಕೊತ್ತಗೆರೆ ಒಳ್ಳೆಯ ಊರೇ. ಆದರೆ ಉಪ್ಪಾರಹಳ್ಳಿಯಿಂದ ಹೊರಟು ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಿ, ಕೂತು, ಎದ್ದು, ವಾಪಸ್ಸು ಬರುವುದೆಂದರೆ ಮನೆಗೆ ಮಲಗಲು ಮಾತ್ರ ಬಂದಂತೆ. ಅದಕ್ಕಿಂತ ಹೆಚ್ಚಾಗಿ, ಇಡೀ ದಿನ ಮನೆಯಿಂದ ಅಷ್ಟು ದೂರವಿದ್ದರೆ ಗ್ಯಾಸು ಆಫ್ ಮಾಡಿದ್ದಾರೋ ಇಲ್ಲವೋ ಎಂದು ಓಡಿ ಬಂದು ನೋಡುವುದು ಹೇಗೆ?

ಆವತ್ತಿನಿಂದ ಯಾವ ಲೈಟನ್ನೂ ಹಾಕದೆ ಹಗಲಿರುವಾಗಲೇ ಮನೆ ಸೇರತೊಡಗಿದೆ. ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟೆ. ಹಲ್ಲಿಯೊಂದು ವೈರಿನ ಮೇಲೆ ಕೂರುವುದನ್ನು ಕಂಡು ಅದರ ಮೇಲೂ ಪಟ್ಟೆ. “ಯಾರೋ ಕಣ್ ಹಾಕವ್ರೆ ಕಣ್ಲಾ” ಎಂದು ನಮ್ಮವ್ವ ದಿನಾ ಬೈಕಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಹೆಂಡತಿ ಗಿರಿಜೆಯಂತೂ, “ಪಾಪ ರೀ, ನಿಮ್ ಗ್ರಹಚಾರ” ಎಂದು ಎಂದೂ ಇಲ್ಲದ ಮರುಕ ತೋರಿಸಿದಳು. ಅನುಮಾನಪಡಬೇಕಾದ್ದು ಆ ಮರುಕದ ಮೇಲೆ ಎಂಬುದು ನನಗೆ ಹೊಳೆಯಲಿಲ್ಲ.

ನಮ್ಮಲ್ಲಿ ಸಂಜೆಯಾದರೆ ಕರೆಂಟು ಹೋಗುವುದು ನಲ್ಲಿ ನೀರು ಬರುವುದಕ್ಕಿಂತ ಶಿಸ್ತಾಗಿ ನಡೆಯುತ್ತದೆ. ಕತ್ತಲಲ್ಲಿ ಸೊಳ್ಳೆಗಳ ಜೊತೆ ಕೂರಲಾರದೆ ನಾನು ಮಠದ ಭಜನೆಗೆ ಹೋಗಿಬಿಡುತ್ತಿದ್ದೆ. ಒಂದು ಸಂಜೆ ಅರ್ಧ ದಾರಿಯಲ್ಲಿ, ಬೈಕಿನ ಪೆಟ್ರೋಲಿನ ನಲ್ಲಿಯನ್ನು ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. ಹಿಂದಿರುಗಿದೆ. ನಮ್ಮ ಬೀದಿಯೆಲ್ಲ ಗವ್ವೆನ್ನುವ ಕತ್ತಲು. ನಮ್ಮ ನಡುಮನೆಯ ಕಿಟಕಿಯಲ್ಲಿ ಮಾತ್ರ ನೀಲಿ ಬೆಳಕು. ಒಳಗೆ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುವ ಸದ್ದು. ಬಾಗಿಲು ತಳ್ಳಿದೆ.

ಅಳುತ್ತಿದ್ದವಳು ಟೀವಿಯೊಳಗಿದ್ದಳು. ಟೀವಿಯ ಹೊರಗೆ, ನಮ್ಮ ಬೀದಿಯ ಅರ್ಧ ಹೆಂಗಸರು ನೆಲದ ಮೇಲೆ ಕೂತಿದ್ದರು. ದಿವಾನದ ಮೇಲೆ ಅವ್ವ, ಅವಳ ಪಕ್ಕದಲ್ಲಿ ಅನ್ವರ್ ಭಾಯಿಯ ತಾಯಿ, ಇಬ್ಬರೂ ಒಂದೇ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೈಕಿನ ಪಕ್ಕದ ಮುಚ್ಚಳ ತೆಗೆದು ಕೆಳಗಿಟ್ಟಿತ್ತು. ಬ್ಯಾಟರಿಗೆ ಎರಡು ಕ್ಲಿಪ್ಪು ಕಚ್ಚಿಸಿ, ಅಲ್ಲಿಂದ ಹೊರಟ ವೈರು ಟೀವಿಯ ಹಿಂದೆ ಹೊಕ್ಕಿತ್ತು. ಆ ಟೀವಿ ಬ್ಯಾಟರಿಯಲ್ಲೂ ಓಡುತ್ತದೆ ಎಂದು ಕೊಂಡ ದಿನ ಎಲ್ಲರೆದುರು ಜಂಬದಿಂದ ತೋರಿಸಿದವನು ನಾನೇ.

“ಗಿರಿಜಾ!” ಎಂದು ಗುಡುಗಿದೆ.

“ಶ್! ಕೂತ್ಕಳಿ ರೀ, ಆ ಅತ್ತೆ ಸೊಸೆ ಹಾಲಿಗೇನೋ ಬೆರೆಸ್ತಾವ್ಳೆ.”

“ನನ್ ನೌಕ್ರಿಗೆ ಬೆರೆಸ್ತಾ ಇದೀರಲ್ಲೇ ಎಲ್ಲಾ ಸೇರಿ! ಯಾರ್ ಮಾಡ್ಕೊಟ್ಟಿದ್ದು ಈ ವೈರು?”

“ನಮ್ ಅನ್ವರೇ ಮಾಡ್ಕೊಟ್ಟ ಬೇಟಾ,” ಎಂದರು ಅನ್ವರ್ ಭಾಯಿಯ ತಾಯಿ, ಟೀವಿಯಿಂದ ಕಣ್ಣು ತೆಗೆಯದೆ. “ಯಾವ್ ಬ್ಯಾಟ್ರಿಗೆ ಅಂತ ಅವ್ನೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ.”

“ಲೋ ರುದ್ರ, ಬಯ್ಯೋದಿದ್ರೆ ಆಮೇಲ್ ಬಯ್ಯಿ ಕಣೋ,” ಎಂದಳು ಅವ್ವ. “ಆ ಹುಡ್ಗಿ ಬಸ್ರಿ. ಹಾಲು ಕುಡೀಬುಟ್ರೆ ಏನ್ ಗತಿ?”

ಬಯ್ಯುವ ಮೊದಲು ವಿಷಯ ತಿಳಿದಿರಬೇಕಲ್ಲ ಎಂದು ಒಂದು ನಿಮಿಷ ನಿಂತೆ. ಆಮೇಲೆ ಬೈಕಿನ ಸೀಟಿನ ಮೇಲೆ ಕೂತೆ. ಹಾಲಿನ ಲೋಟ ಆ ಹುಡುಗಿಯ ತುಟಿಯ ತನಕ ಬಂತು. ಅಷ್ಟರಲ್ಲಿ ಚಿತ್ರ ಸುಕ್ಕುಗಟ್ಟಿ, ಕುಗ್ಗಿ, ಒಂದು ಚುಕ್ಕಿಯಾಗಿ ಆರಿಹೋಯಿತು. ಕತ್ತಲಲ್ಲಿ ಯಾರೋ ನಿಟ್ಟುಸಿರಿಟ್ಟರು. ಇನ್ಯಾರೋ, “ಏನ್ ಗಾಡಿ ಮಡಗವ್ರೋ, ಒಂದ್ ಬ್ಯಾಟ್ರಿ ನೆಟ್ಟಗಿಲ್ಲ” ಎಂದರು.

ಬೆಳಿಗ್ಗೆ ಪ್ರೇಕ್ಷಕರೆಲ್ಲ ಸೇರಿ ಉತ್ಸಾಹದಿಂದ ಬೈಕು ತಳ್ಳಿಕೊಟ್ಟರು. ಬೀದಿಯಲ್ಲಿ ಎರಡು ಸುತ್ತು ತಳ್ಳಿದ ಮೇಲೆ ಅದು ಹೊಗೆಯುಗುಳಿ ಎದ್ದಿತು. ಗುಬ್ಬಿ ತಲುಪಿದಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಇನ್ನು ಮುಚ್ಚಿಡುವುದೇನಿದೆ ಎಂದು ನಿಜವನ್ನೇ ಹೇಳಿದೆ. ಟೀವಿ, ಕ್ಲಿಪ್ಪು, ಹಾಲು, ಎಲ್ಲ. ಸಾಹೇಬರ ಮುಖ ಮೆಲ್ಲಗೆ ಮೆತ್ತಗಾಯಿತು. ಆಚೀಚೆ ನೋಡಿ ದನಿ ತಗ್ಗಿಸಿ, “ನಿನ್ನೆ ನಮ್ಮನೇಲೂ ಕರೆಂಟ್ ಇರ್ಲಿಲ್ಲ ಕಣ್ರೀ. ಕುಡಿದ್ಲಾ?” ಎಂದರು.

“ಗೊತ್ತಿಲ್ಲ ಸಾರ್. ಅಷ್ಟೊತ್ಗೆ ಬ್ಯಾಟ್ರಿ ಹೋಯ್ತು.”

ಸಾಹೇಬರು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಕೊತ್ತಗೆರೆಯ ಆರ್ಡರು ಟೈಪಾಗಿತ್ತು. ಆ ಹುಡುಗಿ ಕುಡಿಯಲಿಲ್ಲ ಎಂದು ಸುಮ್ಮನೆ ಒಂದು ಮಾತು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದೆನೋ ಏನೋ. ಈ ಚಿಂತೆಯನ್ನು ನಾನು ಕುಣಿಗಲ್ಲಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದಾಗಲೆಲ್ಲ ಮಾಡಿದ್ದೇನೆ.

ಮನೆಯವರು ಮಾತ್ರ ನೊಂದುಕೊಳ್ಳಲಿಲ್ಲ. “ಒಳ್ಳೇದೇ ಆಯ್ತು ಬುಡ್ಲಾ, ಗಾಡಿಗೂ ಒಂದಿಷ್ಟು ರೆಸ್ಟು” ಎಂದಳು ಅವ್ವ. ಬೈಕು ಪೂರ್ತಿಯಾಗಿ ಟೀವಿಯ ಸೇವೆಗೆ ನಿಂತಿತು. ಆದರೆ ಓಡದ ಬೈಕಿನ ಬ್ಯಾಟರಿ ತುಂಬುವುದು ಹೇಗೆ? ಅನ್ವರ್ ಭಾಯಿಯ ಅಂಗಡಿಗೆ ಚಾರ್ಜಿಗೆ ಕೊಡೋಣವೆಂದರೆ, “ಆವತ್ ಸಂಜೆ ಏನ್ ಮಾಡೋದು?” ಎಂದು ಗಿರಿಜೆ ಒಪ್ಪುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಬೈಕನ್ನು ಹಲಗೆಯ ಮೇಲಿಂದ ಇಳಿಸಿ, ಪ್ರೇಕ್ಷಕರಿಂದ ತಳ್ಳಿಸಿಕೊಂಡು, ಹೈವೇ ಹಿಡಿದು ವಸಂತನರಸಾಪುರದ ತನಕ ಹೋಗಿ ಬರುತ್ತೇನೆ. ಅಲ್ಲಿ ನನಗೆ ಯಾವ ಕೆಲಸವೂ ಇಲ್ಲ. ದಾರಿಯಲ್ಲಿ ಪರಿಚಯದವರು ಸಿಕ್ಕಿ ಎಲ್ಲಿಗೆ ಎಂದರೆ “ಸ್ವಲ್ಪ ಅರ್ಜೆಂಟಿದೆ” ಎನ್ನುತ್ತೇನೆ. ಟೀವಿಯ ಆ ಬಸುರಿ ಹುಡುಗಿಗೆ ಈಗ ಒಂಬತ್ತು ತಿಂಗಳು ತುಂಬಿದೆ, ಅತ್ತೆ ಇನ್ನೂ ಸುಮ್ಮನಾಗಿಲ್ಲ. ಇಂಥ ಹೊತ್ತಿನಲ್ಲಿ ಚಾರ್ಜು ಪೋಲು ಮಾಡುವುದುಂಟೇ? ಎಮ್ಮೆ ಅಡ್ಡ ಬಂದರೂ ಹಾರನ್ ಒತ್ತುವುದಿಲ್ಲ. ಗಾಡಿ ನಿಧಾನ ಮಾಡಿ, ಕತ್ತು ಮುಂದೆ ಚಾಚಿ, ಬಾಯಲ್ಲೇ “ಹೋಯ್, ಹೋಯ್” ಎನ್ನುತ್ತೇನೆ.