ಗರಿಷ್ಠ ಮಟ್ಟ ಮೀರಿದ ರೊಟ್ಟಿ

ಹೆಂಡತಿಯ ರೊಟ್ಟಿ ವ್ಯಾಪಾರವನ್ನು ಉದ್ಧಾರ ಮಾಡಬೇಕೆಂಬ ಒಂದೇ ಸದುದ್ದೇಶದಿಂದ ನಾನು ಸರ್ಕಾರಿ ನೌಕರಿ ಬಿಟ್ಟೆ. ಈಗ ಈ ಮಾತು ಹೇಳಲು ನಾಚಿಕೆಯಾಗುತ್ತದೆ. ಆಗ ಮಾತ್ರ ಕಂಡಕಂಡವರನ್ನೆಲ್ಲ ನಿಲ್ಲಿಸಿ ಹೇಳಿದ್ದೆ.

ನನ್ನ ನೌಕರಿ ನವಿಲುತೀರ್ಥದ ಅಣೆಕಟ್ಟಿನ ಮೇಲೆ. ದಿನಾ ಹೊತ್ತುಹೊತ್ತಿಗೆ ಹೋಗಿ ನೀರು ಎಷ್ಟು ಎತ್ತರ ನಿಂತಿದೆ ಎಂದು ಅಳತೆಪಟ್ಟಿಯ ಮೇಲೆ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಸಹಿ ಹಾಕಬೇಕು. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದೆ. ನೀರು ಏರಿದರೆ ನನ್ನ ಹೆಚ್ಚುಗಾರಿಕೆಯಿಲ್ಲ, ಇಳಿದರೆ ನನ್ನ ತಪ್ಪಿಲ್ಲ. ಇಷ್ಟು ನೆಮ್ಮದಿಯ ಕೆಲಸವನ್ನು ನಾನು ಒಂದು ದಿನವೂ ನೆಮ್ಮದಿಯಿಂದ ಮಾಡಲಿಲ್ಲ! ಸವದತ್ತಿಯ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಗೊಣಗಾಟ ಶುರು. ನನ್ನಂಥ ಬುದ್ಧಿವಂತನನ್ನು ನೀರು ನೋಡಲು ಕೂರಿಸಿದ್ದಾರೆ, ನನ್ನೊಳಗಿನ ಆಡಳಿತಗಾರ ಕೊಳೆಯುತ್ತಿದ್ದಾನೆ, ಇತ್ಯಾದಿ.

ಇತ್ತ ನಮ್ಮ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಹೆಂಡತಿ ಶಾಂತಾ ಹನ್ನೊಂದು ವರ್ಷದಿಂದ ಜೋಳದ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಿದ್ದಳು. ಜೊತೆಗೆ ನಾಲ್ಕು ಜನ ಹೆಂಗಸರು. ಅವರಲ್ಲಿ ಹಿರಿಯಳು ಹುಸೇನಬಿ. ಆಕೆಯ ರೊಟ್ಟಿ ಊಟದ ತಾಟಿಗಿಂತ ದೊಡ್ಡದು, ಹಪ್ಪಳದಷ್ಟು ತೆಳ್ಳಗೆ. ಗಿರಾಕಿಗಳು ಬಂದು "ಆ ದೊಡ್ಡ ರೊಟ್ಟಿ ಕೊಡ್ರಿ" ಎಂದೇ ಕೇಳುತ್ತಿದ್ದರು. ಇಡೀ ದಿನ ಹೊಗೆಯಲ್ಲಿ ಕುಳಿತು ಒಂದೇ ಕೆಲಸ ಮಾಡಲು ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಯಾಕ ಆಗಬೇಕ್ರಿ ಸಾಹೇಬ್ರ? ಹಂಚಿನ ಮ್ಯಾಲ ರೊಟ್ಟಿ ಉಬ್ಬಿದ್ರ, ನಾನೂ ಉಬ್ಬಿದಂಗ ಆಗತೈತ್ರಿ" ಎಂದಿದ್ದಳು.

ಪಾಪ, ವಿದ್ಯೆಯಿಲ್ಲದವಳು, ತೃಪ್ತಿ ಬೇಗ ಆಗುತ್ತದೆ ಎಂದುಕೊಂಡೆ. ಎಂಥ ದೊಡ್ಡ ಮನುಷ್ಯ ನೋಡಿ ನಾನು!

ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ಮನೆಗೆ ಬಂದ ದಿನ ಶಾಂತಾ ನನ್ನ ಮುಂದೆ ಚಹಾ ಇಟ್ಟು ಒಂದೇ ಮಾತು ಹೇಳಿದಳು: "ನೀವು ಏನೂ ಮಾಡಬ್ಯಾಡ್ರಿ. ಸುಮ್ಮನ ಕುಂತ್ರ ಅದ ದೊಡ್ಡ ಸಹಾಯ." ಇದನ್ನು ನಾನು ಹೆಂಡತಿಯ ಪ್ರೀತಿ ಎಂದು ತಿಳಿದೆ. ಅದು ಎಚ್ಚರಿಕೆಯಾಗಿತ್ತು.

ಮರುದಿನ ಬೆಳಿಗ್ಗೆ ಪಡಸಾಲೆಯ ಬಾಗಿಲಿಗೆ ಕುರ್ಚಿ ಹಾಕಿ, ಹೊಸ ರಿಜಿಸ್ಟರಿನೊಂದಿಗೆ ಅಧಿಕಾರ ಸ್ವೀಕರಿಸಿದೆ. ಮೊದಲ ಸುಧಾರಣೆ ಹಾಜರಿ. ಮಲ್ಲವ್ವ ಎಂಬಾಕೆ ಎಮ್ಮೆ ಹಗ್ಗ ಹರಿದುಕೊಂಡಿತೆಂದು ಹತ್ತು ನಿಮಿಷ ತಡವಾಗಿ ಬಂದಳು. ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಎಮ್ಮೆಯ ಬಗ್ಗೆ ಲಿಖಿತ ವಿವರಣೆಯನ್ನೂ ಕೇಳಿದೆ. ಅವಳು ತಮಾಷೆ ಎಂದು ತಿಳಿದು ನಕ್ಕಳು. ನಾನು ನಗಲಿಲ್ಲ.

ಎರಡನೆಯ ಸುಧಾರಣೆ ಮೌನ. ಈ ಹೆಂಗಸರು ದುಂಡಗೆ ಎದುರುಬದುರಾಗಿ ಕುಳಿತು ಮಾತಾಡುತ್ತಲೇ ರೊಟ್ಟಿ ಬಡಿಯುತ್ತಿದ್ದರು. ಯಾರ ಸೊಸೆ ಏನಂದಳು, ಯಾರ ಮನೆಗೆ ಹೆಣ್ಣು ನೋಡಲು ಯಾರು ಬಂದರು, ಎಲ್ಲವೂ ಅಲ್ಲೇ. ಮಾತಿನಿಂದ ಕೆಲಸ ಕೆಡುತ್ತದೆ ಎಂದು ತೀರ್ಮಾನಿಸಿ ನಾಲ್ವರನ್ನೂ ಗೋಡೆಗೆ ಮುಖಮಾಡಿ ಸಾಲಾಗಿ ಕೂರಿಸಿದೆ. ಆ ದಿನ ರೊಟ್ಟಿ ಅರ್ಧಕ್ಕರ್ಧ ಕಡಿಮೆಯಾದವು. ಮಾತಿನ ಓಟಕ್ಕೇ ಅವರ ಕೈ ಓಡುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಶಿಸ್ತು ಸಾಲದು ಎಂದು ಹೊಳೆಯಿತು!

ಹಾಗಾಗಿ ಮೂರನೆಯ ಸುಧಾರಣೆ. ಒಂದು ಹಲಗೆಯ ಮೇಲೆ ಎರಡು ಗೆರೆ ಎಳೆದು "ಕನಿಷ್ಠ ಮಟ್ಟ", "ಗರಿಷ್ಠ ಮಟ್ಟ" ಎಂದು ಬರೆದೆ. ಬೆಂದ ರೊಟ್ಟಿಯನ್ನೆಲ್ಲ ಹಲಗೆಯ ತಳಕ್ಕೆ ತಾಗಿಸಿಟ್ಟು, ಮೇಲಂಚು ಎಲ್ಲಿಗೆ ಬರುತ್ತದೆ ಎಂದು ನೋಡತೊಡಗಿದೆ. ಉಳಿದ ಮೂವರ ರೊಟ್ಟಿ ಎರಡು ಗೆರೆಗಳ ನಡುವೆ ಬಂದವು. ಹುಸೇನಬಿಯವು ಒಂದೂ ಬರಲಿಲ್ಲ. ಎಲ್ಲವೂ ಮೇಲಿನ ಗೆರೆ ದಾಟಿ ಹೊರಗೆ! ಅಣೆಕಟ್ಟಿನ ಮೇಲೆ ನೀರು ಆ ಗೆರೆ ದಾಟಿತೆಂದರೆ ಗಾಬರಿಯ ಸಂಗತಿ. ಇಪ್ಪತ್ತೇಳು ವರ್ಷದ ಅಭ್ಯಾಸ, ನನ್ನ ಎದೆ ಢವಢವ ಎಂದಿತು. ಆಕೆಯ ಹದಿನೆಂಟು ರೊಟ್ಟಿಗಳನ್ನು ಪಕ್ಕಕ್ಕೆ ತೆಗೆದಿಟ್ಟು, ರಿಜಿಸ್ಟರಿನಲ್ಲಿ ಬರೆದು, ಎಲ್ಲರೆದುರು ಗಟ್ಟಿಯಾಗಿ ಓದಿದೆ: "ಹುಸೇನಬಿ. ಗರಿಷ್ಠ ಮಟ್ಟ ಮೀರಿದೆ. ತಿರಸ್ಕೃತ."

ಆಕೆ ಆ ಹದಿನೆಂಟು ರೊಟ್ಟಿಗಳನ್ನು ನೋಡಿದಳು. ಎದ್ದು ಕೈ ತೊಳೆದುಕೊಂಡಳು. ಸೆರಗಿನ ಹಿಟ್ಟು ಝಾಡಿಸಿ, "ಬರತೇನಿ ಶಾಂತವ್ವಾ" ಎಂದು ಹೆಂಡತಿಗೆ ಹೇಳಿ ಹೊರಟಳು. ನನ್ನ ಕಡೆ ನೋಡಲಿಲ್ಲ. "ಅನುಮತಿಯಿಲ್ಲದೆ ನಿರ್ಗಮನ" ಎಂದು ಬರೆದೆ. ಇನ್ನೊಬ್ಬರಾದರೆ ಅಷ್ಟು ಹೊತ್ತಿಗೆ ಪೆನ್ನು ಕೆಳಗಿಟ್ಟಿರುತ್ತಿದ್ದರು.

ಮರುದಿನ ಉಳಿದ ಮೂವರೂ ಬರಲಿಲ್ಲ. ರಾಮದುರ್ಗದ ಒಂದು ಮದುವೆ ಮನೆಗೆ ಐನೂರು ರೊಟ್ಟಿ ಕಳಿಸಬೇಕಿತ್ತು. ಉಳಿದದ್ದು ಎರಡೇ ದಿನ. ಶಾಂತಾ ಹಂಚಿನ ಮುಂದೆ ಕುಳಿತಳು. ನಾನೂ ತೋಳು ಏರಿಸಿ ಕುಳಿತೆ. ಮೊದಲ ರೊಟ್ಟಿ ಮಣೆಯಿಂದ ಏಳಲಿಲ್ಲ. ಎರಡನೆಯದು ಎದ್ದಿತು, ಅರ್ಧ ಮಾತ್ರ. ಮೂರನೆಯದನ್ನು ಹೇಗೋ ಬೇಯಿಸಿ, ಶಾಂತಾ ನೋಡದಾಗ ನನ್ನ ಹಲಗೆಯ ಮೇಲಿಟ್ಟೆ. ಒಂದು ಬದಿ ಕನಿಷ್ಠಕ್ಕಿಂತ ಕೆಳಗೆ, ಇನ್ನೊಂದು ಬದಿ ಗರಿಷ್ಠಕ್ಕಿಂತ ಮೇಲೆ, ನಡುವೆ ತೂತು!

ಮಧ್ಯಾಹ್ನ ಶಾಂತಾ ಮದುವೆಯವರಿಗೆ ಫೋನ್ ಮಾಡಿ ಆಗುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಕೇಳಿಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ಒಪ್ಪಿಕೊಂಡು ಕೊಡದೇ ಇದ್ದದ್ದು ಅದೇ ಮೊದಲು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಸೇನಬಿ ಕುಳಿತುಕೊಳ್ಳುತ್ತಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಹುಸೇನಬಿ ಬೈಲಹೊಂಗಲಕ್ಕೆ ಮಗಳ ಮನೆಗೆ ಹೋಗಿದ್ದಾಳೆ, ಅಲ್ಲೊಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ವಾರದ ನಂತರ ತಿಳಿಯಿತು. ಬಸ್ಸು ಹತ್ತಿದೆ. ಹೇಗೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದುಕೊಂಡೆ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದೇ ಶುರುವಾಗುತ್ತಿತ್ತು. ನನ್ನ ಕರ್ಮ!

ಖಾನಾವಳಿಯ ಹಿಂದೆ ಆಕೆ ಒಬ್ಬಳೇ ಕುಳಿತಿದ್ದಳು. ಮಾತಾಡಲು ಜೊತೆಗೆ ಯಾರೂ ಇರಲಿಲ್ಲ. ಅಲ್ಲಿಯವರೆಗೆ ಆಕೆಯನ್ನು "ನೀ" ಎನ್ನುತ್ತಿದ್ದವನು, ಬರೆದುಕೊಂಡದ್ದೆಲ್ಲ ಮರೆತು, "ತಪ್ಪ ನಂದ ಐತ್ರಿ. ಮನಿಗೆ ಬರ್ರಿ" ಎಂದೆ.

ಆಕೆ ರೊಟ್ಟಿ ತಿರುವಿ ಹಾಕಿ ಹೇಳಿದಳು: "ಸಾಹೇಬ್ರ, ನೀವು ಅಷ್ಟ ವರ್ಷ ನೀರ ಅಳದ್ರಿ. ನೀರಿಗೆ ಏನೂ ಅನಸೂದಿಲ್ರಿ. ನನಗ ಅನಸ್ತೈತ್ರಿ."

ಆದರೂ ಬರಬೇಕೆಂದು ಇನ್ನೊಮ್ಮೆ ಕೇಳಿಕೊಂಡೆ. ಇಲ್ಲಿಯವರಿಗೆ ಮಾತು ಕೊಟ್ಟಿದ್ದೇನೆ, ಬಿಟ್ಟು ಬರುವುದು ಆಗುವುದಿಲ್ಲ ಎಂದಳು. ಇಲ್ಲಿ ಕೆಲಸ ಹೇಗಿದೆ ಎಂದು ಕೇಳಿದೆ. ಕೇಳಬಾರದಿತ್ತು.

"ಹೊಟ್ಟಿಪಾಡ ರೀ. ಯಾವಾಗ ಮನಿಗೆ ಹೋಗತೇನಿ ಅಂತ ಗಡಿಯಾರ ನೋಡತೇನಿ."

ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಆಕೆ ಅದರ ಕಡೆ ನೋಡಲೂ ಇಲ್ಲ. ಇಪ್ಪತ್ತೇಳು ವರ್ಷ ಕೆಲಸದ ಮೇಲೆ ಗೊಣಗಿದವನು ನಾನು. ನನಗೆ ಗೊತ್ತಿದ್ದವರಲ್ಲಿ ತನ್ನ ಕೆಲಸದಿಂದ ಸುಖವಾಗಿದ್ದವಳು ಆಕೆ ಒಬ್ಬಳೇ. ಆಕೆಗೂ ಗೊಣಗಲು ಕಲಿಸಿಬಿಟ್ಟೆ. ನನ್ನ ಆಡಳಿತದ ಒಟ್ಟು ಸಾಧನೆ ಇದು.

ಉಳಿದ ಮೂವರು ಶಾಂತಾ ಮನೆಮನೆಗೆ ಹೋಗಿ ಕರೆದ ಮೇಲೆ ಮರಳಿದರು. ನಾನು ಪಡಸಾಲೆಯ ಹೊಸ್ತಿಲು ತುಳಿಯಬಾರದು ಎಂಬುದು ಅವರ ಷರತ್ತು. ಸರಿಯಾದದ್ದೇ. ಈಗ ನನ್ನ ಹುದ್ದೆ ಮನೆಯ ಮುಂದಿನ ಕಟ್ಟೆಯ ಮೇಲೆ. ಒಳಗಿಂದ ಬಂದ ರೊಟ್ಟಿಯ ಕಟ್ಟುಗಳನ್ನು ಗಿರಾಕಿಗಳ ಕೈಗೆ ಕೊಡಬೇಕು. ಅಳೆಯಬಾರದು.

ಮೊನ್ನೆ ಕಿತ್ತೂರು ಕಡೆಯ ಹಿರಿಯರೊಬ್ಬರು ಬಂದು ಕಟ್ಟನ್ನು ಹೊರಳಿಸಿ ನೋಡಿದರು. ಆ ದೊಡ್ಡ ರೊಟ್ಟಿ ಮಾಡುವಾಕೆ ಎಲ್ಲಿ ಎಂದು ಕೇಳಿದರು. ಬಿಟ್ಟು ಹೋದಳು ಎಂದೆ. ಯಾಕೆ ಎಂದರು.

"ನಡುವ ಒಬ್ಬ ಮ್ಯಾನೇಜರ ಬಂದಿದ್ದ ರೀ. ಅಂವಾ ಕೆಡಿಸಿದ."

"ಈಗ ಎಲ್ಲಿದ್ದಾನ ಅಂವಾ?"

"ತಗದ ಹಾಕ್ಯಾರ್ರಿ."

"ಛಲೋ ಮಾಡ್ಯಾರ ಬಿಡ್ರಿ" ಎಂದು ಅವರು ಸಮಾಧಾನಪಟ್ಟರು. ನನ್ನ ಬೆನ್ನನ್ನೂ ತಟ್ಟಿ, ರೊಟ್ಟಿ ತೆಗೆದುಕೊಂಡು ಹೋದರು.