ಮೇಲಿನ ಕಪಾಟು ಖಾಲಿ

ತಲೆಗೆ ಪೆಟ್ಟು ಬಿದ್ದರೆ ಬುದ್ಧಿ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ನಾನು ಮೂರು ವರ್ಷದಿಂದ ಪರೀಕ್ಷಿಸುತ್ತಿದ್ದೇನೆ. ಬೆಳಿಗ್ಗೆ ಎದ್ದು ಚಹಾ ಇಡಲು ಅಡುಗೆಮನೆಗೆ ಹೋಗುತ್ತೇನೆ. ಒಲೆಕಟ್ಟೆಯ ಮೇಲೆ ಗೋಡೆಗೆ ತೂಗುಹಾಕಿರುವ ಕಪಾಟಿನ ಅಂಚು ಸರಿಯಾಗಿ ಹಣೆಗೆ ಬಡಿಯುತ್ತದೆ. ‘ಅಯ್ಯಪ್ಪಾ’ ಎಂದು ಹಣೆ ಉಜ್ಜಿಕೊಳ್ಳುತ್ತೇನೆ. ಚಹಾ ಆಗುತ್ತದೆ, ಬಾವು ಬರುತ್ತದೆ, ಬುದ್ಧಿ ಮಾತ್ರ ಇನ್ನೂ ಬಂದಿಲ್ಲ. ನಮ್ಮ ಸೊಸೈಟಿಯ ಗೇಟಿನ ಬಳಿ ಸಂಜೆ ಕೂಡುವ ನಿವೃತ್ತರ ಗುಂಪಿನಲ್ಲಿ ನನ್ನ ಹಣೆಯ ಬಗ್ಗೆ ಒಂದು ಗೌರವ ಹುಟ್ಟಿಕೊಂಡಿದೆ. ಹೆಂಡತಿ ಹೋದ ಮೇಲೆ ಮನುಷ್ಯ ದೇವರ ಕಡೆ ತಿರುಗಿದ್ದಾನೆ, ದಿನಾ ದೇವರ ಮುಂದೆ ಹಣೆ ಹಚ್ಚುತ್ತಾನೆ ಎಂದು ಅವರೆಲ್ಲ ನಂಬಿದ್ದಾರೆ. ಒಬ್ಬರು ಯಾವ ದೇವರು ಎಂದು ಕೇಳಿಯೂ ಬಿಟ್ಟರು. ಮನೆದೇವರು ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ.

ನನ್ನ ಹೆಂಡತಿ ಶಕುಂತಲಾ ಗಿಡ್ಡ. ಗಿಡ್ಡ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು, ‘ಬೇಕಾದಷ್ಟು ಅದೀನಿ’ ಎನ್ನುತ್ತಿದ್ದಳು. ನಾನಾದರೋ ಗಳದಂತೆ ಬೆಳೆದವನು. ಗದುಗಿನಲ್ಲಿ ನಮ್ಮ ಮದುವೆಯಾದಾಗ, ಮಾಲೆ ಹಾಕುವ ಹೊತ್ತಿಗೆ ನನ್ನ ಗೆಳೆಯರು ಚೇಷ್ಟೆಗೆಂದು ನೆಟ್ಟಗೆ ನಿಲ್ಲು, ತಲೆ ಬಗ್ಗಿಸಬೇಡ ಎಂದು ಕಿವಿಯಲ್ಲಿ ಊದಿದ್ದರು. ನಾನು ಧ್ವಜಸ್ತಂಭದ ಹಾಗೆ ನಿಂತೆ. ಅವಳು ತುದಿಗಾಲಲ್ಲಿ ನಿಂತು ಮಾಲೆ ಎತ್ತಿ ನೋಡಿದಳು, ನಿಲುಕಲಿಲ್ಲ. ನೆರೆದವರೆಲ್ಲ ನಗುತ್ತಿದ್ದಾಗ ನನಗೊಬ್ಬನಿಗೇ ಕೇಳುವಂತೆ, ‘ಬಗ್ಗ್ರಿ ಸ್ವಲ್ಪ’ ಎಂದಳು. ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಬಗ್ಗಲಿಲ್ಲ. ಕೊನೆಗೆ ಅವಳ ಸೋದರಮಾವ ಅವಳನ್ನು ಎತ್ತಿ ಹಿಡಿದು ಮಾಲೆ ಹಾಕಿಸಿದರು. ಎತ್ತರ ಎನ್ನುವುದು ಸ್ವಂತ ಸಂಪಾದನೆ ಎಂದು ಆ ವಯಸ್ಸಿನಲ್ಲಿ ನಾನು ತಿಳಿದಿದ್ದೆ.

ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನನಗೆ ಕೆಲಸವಿತ್ತು. ಪುಣೆಯಲ್ಲಿ ಬಹಳ ವರ್ಷ ಪೇಟೆಯ ಒಂದು ಹಳೆಯ ವಾಡೆಯಲ್ಲಿ, ಬಾಡಿಗೆಗೆ ಹಿಡಿದ ಒಂದೂವರೆ ಕೋಣೆಯಲ್ಲಿದ್ದೆವು. ಆ ಅರ್ಧ ಕೋಣೆ ಅಡುಗೆಮನೆ. ನೆಲದಲ್ಲಿ ಜಾಗವಿಲ್ಲದ್ದರಿಂದ ಸಾಮಾನೆಲ್ಲ ಮಾಡಿನ ತನಕ ಹಲಗೆಗಳ ಮೇಲೆ. ಶಕ್ಕು ಮೊದಮೊದಲು ಮಣೆಯ ಮೇಲೆ ಮಣೆ ಇಟ್ಟು ಹತ್ತುತ್ತಿದ್ದಳು. ಒಮ್ಮೆ ಜಾರಿ ಬಿದ್ದು ಕೈ ಉಳುಕಿಸಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ‘ಏನ್ರೀ, ಜ್ವಾಳದ ಹಿಟ್ಟಿನ ಡಬ್ಬಿ ಇಳಿಸಿ ಕೊಡ್ರಿ’, ‘ಏನ್ರೀ, ಶೇಂಗಾ ಎಲ್ಲಿಟ್ರಿ?’, ‘ಏನ್ರೀ, ಅದಲ್ರೀ, ಅದರ ಹಿಂದಿಂದು.’ ನಾನು ಗೊಣಗುತ್ತಾ ಎದ್ದು ಹೋಗಿ ಕೈ ಚಾಚುತ್ತಿದ್ದೆ. ಸಂಸಾರದಲ್ಲಿ ಅಡುಗೆಮನೆಗೆ ನನ್ನಿಂದಾದ ಸೇವೆ ಅಷ್ಟೇ. ಡಬ್ಬಿಯಲ್ಲಿ ಏನಿದೆ, ಅದು ಏನಾಗುತ್ತದೆ ಎಂದು ನಾನು ವಿಚಾರಿಸಿದವನಲ್ಲ. ತಾಟಿಗೆ ಬಂದದ್ದನ್ನು ಉಂಡವನು.

ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಅಂಚಿನ ಕೊಂಢವಾದಲ್ಲಿ ಈ ಫ್ಲ್ಯಾಟು ಆಯಿತು. ಗೋಡೆ, ಬಾಗಿಲು, ಒಲೆಕಟ್ಟೆ ಇಷ್ಟನ್ನು ಕೊಟ್ಟು ಬಿಲ್ಡರ್ ಕೈತೊಳೆದುಕೊಂಡ. ನಮ್ಮ ಕೈಯೂ ಅಷ್ಟರಲ್ಲಿ ಖಾಲಿ. ಮೇಲಿನ ಮಹಡಿಯಲ್ಲಿ ಹೋಟೆಲ್ ನಡೆಸುವ ಮಂಗಳೂರು ಕಡೆಯ ಶೆಟ್ಟರು ತಮ್ಮ ಅಡುಗೆಮನೆಗೆ ಅಳತೆ ಕೊಟ್ಟು ಸಾಗುವಾನಿಯ ಕಪಾಟು ಮಾಡಿಸಿದ್ದರು. ಗೃಹಪ್ರವೇಶಕ್ಕೆ ಹೋದ ಶಕ್ಕು ಅಲ್ಲಿ ಒಂದೊಂದೇ ಬಾಗಿಲು ತೆಗೆದು ಹಾಕಿ ನೋಡಿದಳು. ಮನೆಗೆ ಬಂದು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನಾನು ಜಗಳವಾಡಿ ಪಾರಾಗಬಹುದಿತ್ತು. ಸುಮ್ಮನಿದ್ದಳು ನೋಡಿ, ಅದಕ್ಕೆ ಉತ್ತರವಿಲ್ಲ. ಮರುವಾರವೇ ಹೋಗಿ ಅಂಗಡಿಯಿಂದ ರೆಡಿಮೇಡ್ ಕಪಾಟು ತಂದೆ. ಒತ್ತಿದ ಹೊಟ್ಟಿನ ಹಲಗೆಯ ಬಿಳಿ ಪೆಟ್ಟಿಗೆಗಳು, ಊರಿಗೆಲ್ಲ ಒಂದೇ ಅಳತೆ. ನಮ್ಮ ಗೋಡೆಗೆ ಒಂದು ಕಡೆ ಗೇಣು ಹೆಚ್ಚು, ಇನ್ನೊಂದು ಕಡೆ ಬೆರಳು ಕಡಿಮೆ. ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದ ಹಾಗಿತ್ತು.

ಇವನ್ನೇ ಅಳತೆ ಕೊಟ್ಟು ಮಾಡಿಸಿದಂತೆ ಕಾಣಿಸಬೇಕೆಂದು ನಾನು ಹಟ ತೊಟ್ಟೆ. ಸ್ಟೋರ್ಸಿನವನ ಬುದ್ಧಿ, ಇದ್ದುದರಲ್ಲೇ ಹೊಂದಿಸುವುದು. ಗೋಡೆಯ ಬಳಿಯ ಸಂದಿಗೆ ಪ್ಲೈವುಡ್ ಪಟ್ಟಿ ಬಡಿಸಿ ಅದೇ ಬಣ್ಣ ಹಚ್ಚಿದೆ. ಬೋಳು ಬಾಗಿಲುಗಳಿಗೆ ಸುತ್ತಲೂ ಕಟ್ಟಿಗೆಯ ಸಣ್ಣ ಪಟ್ಟಿ ಅಂಟಿಸಿ ಚೌಕಟ್ಟಿನ ರೂಪ ಕೊಟ್ಟೆ. ಕೆಳಗಿನ ಪೆಟ್ಟಿಗೆಗಳ ಪ್ಲಾಸ್ಟಿಕ್ ಕಾಲು ಕಾಣದಂತೆ ಮುಂದೆ ಉದ್ದಕ್ಕೆ ಹಲಗೆ ಹಾಕಿದೆ. ಹಳೆ ಸಾಮಾನು ಮಾರುವ ಜುನಾ ಬಜಾರಿಗೆ ಹೋಗಿ, ಯಾವುದೋ ಕೆಡವಿದ ವಾಡೆಯ ಹಿತ್ತಾಳೆ ಹಿಡಿಕೆಗಳನ್ನು ಚೌಕಾಶಿ ಮಾಡಿ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕೆಲಸಕ್ಕೆ ಹಿಡಿದಿದ್ದ ಬಡಿಗ ಕದಮ್ ಮರಾಠಿಯವನು, ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅವನ ಆ ಗುಣವೇ ನನಗೆ ಮುಳುವಾಯಿತು.

ಗೋಡೆಯ ಕಪಾಟು ತೂಗುಹಾಕಿ, ಅವುಗಳ ಮೇಲೆ ಮಾಡಿನ ತನಕ ಪ್ಲೈವುಡ್ ಮುಚ್ಚಿಬಿಟ್ಟರೆ ರೆಡಿಮೇಡ್ ಎಂದು ಯಾರಿಗೂ ತಿಳಿಯುವುದಿಲ್ಲ ಎನ್ನುವುದು ನನ್ನ ಯೋಜನೆ. ಕಪಾಟು ತೂಗುಹಾಕುವ ದಿನ ಬೆಳಿಗ್ಗೆ ಶಕ್ಕು ಅಡ್ಡ ಬಂದಳು. ‘ಮುಚ್ಚಿದ್ರ ನಮ್ಮವ್ವನ ಹಂಡೆ, ಪರಾತ ಎಲ್ಲಿಡೋಣ್ರಿ? ಮ್ಯಾಲೆ ಖಾಲಿ ಇರ್ಲಿ ಅಂತ ಹೇಳ್ರಿ ಅವಗ. ನಿಮ್ಮ ಮರಾಠಿ ಭಾಳ ಚಲೋ ಅದ ಅಲ್ಲೇನ್ರಿ.’ ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಖಾಲಿ ಎಂದರೆ ಬರಿದು. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪುಣೆಗೆ ಬಂದ ಹೊಸದರಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನ, ಹೆಡ್‌ಕ್ಲರ್ಕ್ ‘ಖಾಲೀ ಬಸಾ’ ಎಂದಿದ್ದರು. ಕೆಳಗೆ ಕೂಡಿ ಎಂದು ಅರ್ಥ. ನಾನು ಖಾಲಿ ಕೂಡು ಎಂದು ತಿಳಿದು ಮಧ್ಯಾಹ್ನದವರೆಗೆ ಏನೂ ಕೆಲಸ ಮಾಡದೆ ವಿಧೇಯತೆಯಿಂದ ಕೂತಿದ್ದೆ. ಆಮೇಲೆ ಕಲಿತೆ. ನಿಮ್ಮದು ಶುದ್ಧ ಮರಾಠಿ ಎಂದು ಆಫೀಸಿನಲ್ಲಿ ಹೊಗಳಿಸಿಕೊಳ್ಳುವಷ್ಟು ಕಲಿತೆ. ಆದರೆ ಅವತ್ತು ಕಂಪನಿಯ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿತ್ತು, ಹೆಂಡತಿ ಹೇಳಿದ ಕನ್ನಡ ಶಬ್ದ ನಾಲಿಗೆಯ ಮೇಲೆ ಬಿಸಿಬಿಸಿಯಾಗಿತ್ತು. ‘ವರಚೀ ಕಪಾಟಂ, ಖಾಲೀ ಠೇವಾ’ ಎಂದೆ. ಮೇಲಿನ ಕಪಾಟು, ಖಾಲಿ ಇಡಿ. ಕದಮ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ‘ಕಿತೀ ಖಾಲೀ?’ ಎಂದು ಕೇಳಿದ. ಎಷ್ಟು ಜಾಗ ಬಿಡಬೇಕೆಂದು ಕೇಳುತ್ತಿದ್ದಾನೆ, ಜಾಣ, ಎಂದುಕೊಂಡೆ. ಎರಡೂ ಕೈ ಅಗಲಿಸಿ ಅತ್ತೆಯ ಹಂಡೆಯ ಎತ್ತರ ತೋರಿಸಿ, ಮೆಟ್ಟಿಲಿಳಿದು ಓಡಿದೆ.

ಸಂಜೆ ಬಂದು ನೋಡುತ್ತೇನೆ, ಗೋಡೆಯ ಕಪಾಟುಗಳೆಲ್ಲ ಒಂದು ಹಂಡೆಯಷ್ಟು ಕೆಳಗೆ ಇಳಿದು ನೇತಾಡುತ್ತಿವೆ. ನನ್ನ ಎದೆಯೂ ಅಷ್ಟೇ ಇಳಿಯಿತು. ಇಷ್ಟು ದಿನ ಸಂದಿ ಮುಚ್ಚಿದ್ದೇನು, ಹಿಡಿಕೆ ತಿಕ್ಕಿದ್ದೇನು, ಎಲ್ಲ ನೀರಿನಲ್ಲಿ ಹೋಮ. ಕದಮ್‌ನನ್ನು ಬಾಯಿಗೆ ಬಂದಂತೆ ಬೈದೆ, ಅದೂ ಕನ್ನಡದಲ್ಲಿ, ಮರಾಠಿಯ ಮೇಲಿನ ವಿಶ್ವಾಸ ಹೋಗಿತ್ತು. ನಾಳೆಯೇ ಬಿಚ್ಚಿಸಿ ಏರಿಸುತ್ತೇನೆ ಎಂದು ಕೂಗಾಡಿದೆ. ಶಕ್ಕು ನನ್ನ ಕಡೆ ನೋಡಲೇ ಇಲ್ಲ. ಒಲೆಕಟ್ಟೆಯ ಮುಂದೆ ಬರಿಗಾಲಿನಲ್ಲಿ, ಅಂಗಾಲು ನೆಲಕ್ಕೆ ಊರಿ ನಿಂತಿದ್ದಳು. ಕೈ ಎತ್ತಿ ಬಾಗಿಲು ತೆಗೆದಳು. ಎಲ್ಲಕ್ಕಿಂತ ಮೇಲಿನ ಖಾನೆಗೆ ಕೈ ಚಾಚಿದಳು, ಅದರ ಹಿಂದಿನ ಗೋಡೆ ಮುಟ್ಟಿ ನೋಡಿದಳು. ‘ನಿಲುಕತದ್ರೀ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಇರಲಿ ಬಿಡ್ರಿ. ಏರಿಸಬ್ಯಾಡ್ರಿ’ ಎಂದಳು.

ಒಂದು ವಾರದಲ್ಲಿ ಮೇಲಿನ ಮನೆಯ ಶೆಟ್ಟರ ಹೆಂಡತಿ ಬಂದರು. ನಾನು ಪಟ್ಟಿಗಳ ಕಡೆ, ಹಿತ್ತಾಳೆ ಹಿಡಿಕೆಗಳ ಕಡೆ ಅವರ ಗಮನ ಸೆಳೆಯಲು ಕೆಮ್ಮಿದೆ, ಸುಳಿದಾಡಿದೆ. ಅವರು ಯಾವುದನ್ನೂ ನೋಡಲಿಲ್ಲ. ಶಕ್ಕು ಮಾತಾಡುತ್ತಲೇ ಕೈಯೆತ್ತಿ ಸಕ್ಕರೆ ಡಬ್ಬಿ ತೆಗೆದದ್ದನ್ನು ನೋಡಿದರು. ‘ಇದು ನಿಮ್ಮ ಅಳತೆಗೇ ಮಾಡಿಸಿದ್ದಾ ಮಾರಾಯ್ರೆ? ಎಷ್ಟು ಲಾಯಕ್ ಉಂಟು! ನಮ್ಮಲ್ಲಿ ಅಷ್ಟೆಲ್ಲ ಮಾಡಿಸಿ, ನಾನು ಸ್ಟೂಲ್ ಹತ್ತಬೇಕು ನೋಡಿ’ ಎಂದರು. ಶಕ್ಕು ಒಂದು ಚೂರೂ ತಡವರಿಸದೆ, ‘ಹೌದ್ರೀ. ನಮ್ಮವ್ರು ಮುದ್ದಾಂ, ನನ್ನ ಸಲುವಾಗೇ ಹೇಳಿ ಮಾಡ್ಸ್ಯಾರ’ ಎಂದಳು. ಮಜ್ಜಿಗೆ ಕುಡಿಯುತ್ತಿದ್ದ ನನಗೆ ನೆತ್ತಿಗೇರಿತು. ಆಮೇಲೆ ಬಂದವರಿಗೆಲ್ಲ ಅದೇ ಮಾತು. ಕೇಳಿ ಕೇಳಿ ನಾನೂ ನಂಬತೊಡಗಿದೆ. ಹೆಂಡತಿಗೆ ನಾನು ಕೊಟ್ಟ ಉಡುಗೊರೆಗಳಲ್ಲಿ ಅತ್ಯುತ್ತಮವಾದದ್ದು ವ್ಯಾಕರಣದೋಷದಿಂದ ಆದದ್ದು.

ಕಷ್ಟವೆಂದರೆ, ಅಂದಿನಿಂದ ಅವಳು ನನ್ನನ್ನು ಕರೆಯಲಿಲ್ಲ. ಡಬ್ಬಿ ಇಳಿಸಿ ಕೊಡಿ ಎನ್ನುವ ಕೂಗು ನಿಂತಿತು. ಪೇಪರ್ ಹಿಡಿದು ಕೂತು ಕಿವಿ ಮಾತ್ರ ಅತ್ತ ಇಟ್ಟಿರುತ್ತಿದ್ದೆ. ಡಬ್ಬಿಗಳು ತಮ್ಮಷ್ಟಕ್ಕೆ ಇಳಿಯುತ್ತಿದ್ದವು, ಏರುತ್ತಿದ್ದವು. ವರ್ಷಕ್ಕೊಮ್ಮೆ ದೀಪಾವಳಿಗೆ ಹಂಡೆ ಇಳಿಸುವ ಕೆಲಸ ಮಾತ್ರ ಉಳಿಯಿತು, ಅದನ್ನು ನಾನು ಬಹಳ ಗತ್ತಿನಿಂದ ಮಾಡುತ್ತಿದ್ದೆ. ಆ ಕಪಾಟು ಅವಳಿದ್ದಾಗ ನನ್ನ ಹಣೆಗೆ ಒಮ್ಮೆಯೂ ಬಡಿಯಲಿಲ್ಲ. ಬಡಿಯಬೇಕಾದರೆ ಒಲೆಯ ಹತ್ತಿರ ಹೋಗಬೇಕಲ್ಲ.

ಶಕ್ಕು ಹೋಗಿ ಮೂರು ವರ್ಷವಾಯಿತು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆವು, ತಿರುಗಿ ಬರಲಿಲ್ಲ. ಇದನ್ನು ಹಾಸ್ಯವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ. ಹದಿನಾಲ್ಕನೆಯ ದಿನ, ಬಂದವರೆಲ್ಲ ಹೊರಟ ಮೇಲೆ, ನಾನು ಮೊದಲ ಸಲ ಒಬ್ಬನೇ ಚಹಾ ಇಡಲು ಹೋದೆ. ಆಗ ಬಡಿಯಿತು ಮೊದಲ ಪೆಟ್ಟು. ನೋವಿಗೆ ಕಣ್ಣಲ್ಲಿ ನೀರು ಬಂತು. ಒಮ್ಮೆ ಬಂದದ್ದು ಬಹಳ ಹೊತ್ತಾದರೂ ನಿಲ್ಲಲೇ ಇಲ್ಲ, ಅಷ್ಟು ದಿನ ಜನರ ಮುಂದೆ ತಡೆದದ್ದೆಲ್ಲ ಕಪಾಟಿನ ನೆಪದಲ್ಲಿ ಹೊರಬಿತ್ತು. ಆಮೇಲೆ ಅಡುಗೆ ಕಲಿತೆ. ಅನ್ನ, ಸಾರು, ಒಂದು ಪಲ್ಯ. ರೊಟ್ಟಿ ಇನ್ನೂ ಭೂಪಟದ ಆಕಾರದಲ್ಲೇ ಬರುತ್ತದೆ. ಡಬ್ಬಿಗಳು ಅವಳು ಇಟ್ಟಲ್ಲೇ ಇವೆ, ಎಲ್ಲವೂ ಅವಳ ಕೈಯ ಎತ್ತರದಲ್ಲಿ.

ಕಳೆದ ತಿಂಗಳು ಪೆಟ್ಟು ಜೋರಾಗಿ ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಚಿಂಚವಾಡದಲ್ಲಿರುವ ಮಗಳು ವೈಶಾಲಿ ಓಡಿ ಬಂದಳು. ‘ಅಪ್ಪಾ, ಇನ್ನೊಂದ್ ಚೂರು ಕೆಳಗ ಬಡದಿದ್ರ ಕಣ್ಣು ಹೋಗ್ತಿತ್ತು. ಅವ್ವ ಇದ್ದಾಗ ಠೀಕ ಇತ್ತು, ಈಗ ಯಾರಿಗೆ ಬೇಕಪಾ ಇಷ್ಟ ಗಿಡ್ಡ ಕಪಾಟು?’ ಎಂದಳು. ಅವಳೇ ಬಡಿಗನಿಗೆ ಫೋನು ಮಾಡಿ ಭಾನುವಾರ ಬರಲು ಹೇಳಿ ಹೋದಳು.

ಬಂದವನು ಅದೇ ಕದಮ್. ಮೀಸೆ ಬೆಳ್ಳಗಾಗಿತ್ತು. ಒಳಗೆ ಬಂದವನೇ ಕಪಾಟು ನೋಡಿ ಹಣೆ ಗಂಟಿಕ್ಕಿ, ‘ಇತಕೀ ಖಾಲೀ ಕೋಣೀ ಲಾವಲೀ ಹೋ?’ ಎಂದ. ಯಾರು ಇಷ್ಟು ಕೆಳಗೆ ಹಾಕಿದ ದಡ್ಡ, ಎನ್ನುವ ದನಿ. ಹಿಂದಿನ ಬಡಿಗನನ್ನು ಬೈಯದೆ ಯಾವ ಬಡಿಗನೂ ಕೆಲಸ ಶುರು ಮಾಡುವುದಿಲ್ಲ. ಆಮೇಲೆ ಹಿತ್ತಾಳೆ ಹಿಡಿಕೆ ಮುಟ್ಟಿದ, ನನ್ನ ಮುಖ ನೋಡಿದ, ನೆನಪಾಯಿತು, ನಾಲಿಗೆ ಕಚ್ಚಿಕೊಂಡು ನಕ್ಕ. ‘ವಹಿನೀ ಕುಠಂ ಆಹೇತ?’ ಎಂದ, ಅತ್ತಿಗೆ ಎಲ್ಲಿದ್ದಾರೆ ಎಂದು. ‘ಗೇಲ್ಯಾ’ ಎಂದೆ, ಹೋದರು. ಅವನು ಸಹಜವಾಗಿ, ‘ಗಾವಾಲಾ?’ ಎಂದ. ಊರಿಗೆ ಹೋಗಿದ್ದಾರಾ? ನಾನು ಬೆರಳೆತ್ತಿ, ‘ವರ’ ಎಂದೆ. ಮೇಲೆ. ಜೀವಮಾನವೆಲ್ಲ ಮೇಲಿನದಕ್ಕೆ ಕೈ ನಿಲುಕದವಳು ನನಗಿಂತ ಮೊದಲು ಅಲ್ಲಿಗೆ ಹೋಗಿ ಕೂತಿದ್ದಾಳೆ. ಕದಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬಿಚ್ಚುವ ಮೊದಲು ಸಾಮಾನು ತೆಗೆಯಬೇಕಿತ್ತು. ನಾನು ಒಂದೊಂದೇ ಡಬ್ಬಿ ಇಳಿಸತೊಡಗಿದೆ. ಬಾಗಿಲಿನ ಅಂಚಿನಲ್ಲಿ, ಅವಳು ದಿನಾ ಹಿಡಿದು ತೆಗೆಯುತ್ತಿದ್ದ ಕಡೆ, ಅರಿಶಿನದ ಕೈ ತಾಗಿ ತಾಗಿ ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ನನ್ನ ಹಣೆಯ ಎತ್ತರದಲ್ಲಿ. ಏರಿಸಿದರೆ ಆ ಕಲೆ ನನ್ನ ತಲೆಯ ಮೇಲೆ ಹೋಗುತ್ತದೆ, ಅಲ್ಲಿಗೆ ಅವಳ ಕೈ ಎಂದೂ ನಿಲುಕುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಇಳಿಸಿದ ಡಬ್ಬಿಯನ್ನು ತಿರುಗಿ ಒಳಗಿಟ್ಟು ಕದಮ್‌ಗೆ ಹೇಳಿದೆ, ‘ವರಚೀ ಕಪಾಟಂ ಖಾಲೀ ಠೇವಾ.’ ಅದೇ ಮಾತು, ಅಕ್ಷರ ಕೂಡ ಬದಲಾಗಿಲ್ಲ. ಈ ಸಲ ಸರಿಯಾದ ಮರಾಠಿಯಲ್ಲಿ ಹೇಳಿದೆ. ಅವನು ಅನುಮಾನದಿಂದ, ‘ಕಿತೀ ಖಾಲೀ?’ ಎಂದ. ನಾನು ಅಂಗೈಯನ್ನು ನನ್ನ ಎದೆಯ ಹತ್ತಿರ ಅಡ್ಡ ಹಿಡಿದು, ಅವಳ ನೆತ್ತಿ ಎಲ್ಲಿಗೆ ಬರುತ್ತಿತ್ತೋ ಅಲ್ಲಿಗೆ, ತೋರಿಸಿದೆ.

ಅವನಿಗೆ ತಿಳಿಯಿತು. ಉಪಕರಣಗಳನ್ನು ಚೀಲಕ್ಕೆ ಹಾಕಿಕೊಂಡ. ಬಂದವನನ್ನು ಹಾಗೇ ಕಳಿಸಬಾರದೆಂದು ಚಹಾ ಇಡಲು ಒಲೆಯ ಕಡೆ ತಿರುಗಿದೆ, ತಿರುಗಿದ ರಭಸಕ್ಕೆ ಠಪ್ಪೆಂದು ಹೊಲಿಗೆಯ ಪಕ್ಕದಲ್ಲೇ ಬಡಿಯಿತು. ಮದುವೆಯಲ್ಲಿ ಅವಳು ಅಷ್ಟು ಮೆತ್ತಗೆ ಕೇಳಿಕೊಂಡಾಗ ಬಗ್ಗದೆ ನಿಂತವನು ನಾನು. ಈಗ ದಿನಾ ಬಗ್ಗುತ್ತೇನೆ, ಬಡಿದ ಮೇಲೆ.